ಕೂಡದ ಫ್ಯಾಂಟಮ್

ಶಿರಸಿಯ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ 350 ರೂಪಾಯಿ ಕೊಟ್ಟು, ಹದಿನೈದು ಬಿಲ್ಲೆಗಳನ್ನು ಸರಿಸಿ ಫ್ಯಾಂಟಮ್‌ನ ಚಿತ್ರ ಕೂಡಿಸುವ ಪ್ಲಾಸ್ಟಿಕ್ ಆಟವೊಂದನ್ನು ಕೊಂಡೆ. 1936ರಲ್ಲಿ ಲೀ ಫಾಕ್ ಸೃಷ್ಟಿಸಿದ ಈ ನಾಯಕ ನಮ್ಮ ತಲೆಮಾರಿಗೆ ಪರಿಚಿತನಾದದ್ದು ಇಂದ್ರಜಾಲ ಕಾಮಿಕ್ಸ್‌ನಿಂದ. ಉಡುಪಿನ ಬಣ್ಣ ಮಾಸಿದ್ದರೂ ತಲೆಬುರುಡೆಯ ಉಂಗುರ ಸ್ಪಷ್ಟವಾಗಿಯೇ ಇದೆ. ಮೊದಲು ಬಿಗಿಯಾಗಿದ್ದ ಬಿಲ್ಲೆಗಳು, ಸಂದಿಯ ಧೂಳು ತೆಗೆದ ಮೇಲೆ ಸರಾಗವಾಗಿ ಜಾರತೊಡಗಿದವು. ಆದರೆ ಎರಡು ಸಂಜೆ ಹೆಣಗಿದರೂ ಕೊನೆಯ ಸಾಲಿನ ಎರಡು ಬಿಲ್ಲೆಗಳು ಅದಲುಬದಲಾಗಿಯೇ ಉಳಿದವು. ಹಿಂದೆ ಯಾರೋ ಅವನ್ನು ಕಿತ್ತು ತಪ್ಪಾಗಿ ಕೂರಿಸಿರಬೇಕು. ಉಳಿದೆಲ್ಲ ಸ್ವಸ್ಥಾನದಲ್ಲಿದ್ದು ಎರಡು ಮಾತ್ರ ಅದಲುಬದಲಾದರೆ, ಎಷ್ಟು ಸರಿಸಿದರೂ ಚಿತ್ರ ಕೂಡುವುದಿಲ್ಲವೆಂದು ಗಣಿತಜ್ಞರು 1879ರಲ್ಲೇ ಸಾಧಿಸಿ ತೋರಿಸಿದ್ದಾರೆ. ಅಂಗಡಿಯವರು ಒಮ್ಮೆ ಆಡಿ ನೋಡಿ ಮಾರಬಹುದಿತ್ತು. ಚೌಕಟ್ಟನ್ನು ತುಸು ಬಾಗಿಸಿ ನಾನೇ ಸರಿಪಡಿಸಿಕೊಂಡೆ.