ಅರೋಮಾಥೆರಪಿಯ ಹವ್ಯಾಸಿ ಕೋರ್ಸು: ಶೀಶೆಗಳಿಗೆ ಪೂರ್ಣ ಅಂಕ, ಪುಸ್ತಕಕ್ಕೆ ಅರ್ಧ

ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ, ಕೇವಲ ಕುತೂಹಲಕ್ಕಾಗಿ, ಮನೆಯಲ್ಲೇ ಓದಿ ಪರೀಕ್ಷೆ ಬರೆಯಬಹುದಾದ ಅರೋಮಾಥೆರಪಿ, ಅಂದರೆ ಗಿಡಮರಗಳ ಪರಿಮಳದ ಎಣ್ಣೆಗಳನ್ನು ಬಳಸುವ ಪದ್ಧತಿಯ ಪ್ರಮಾಣಪತ್ರದ ಕೋರ್ಸೊಂದಕ್ಕೆ ಸೇರಿದೆ. ₹8,500 ಶುಲ್ಕಕ್ಕೆ ಬಂದದ್ದು ಒಂದು ಪಠ್ಯಪುಸ್ತಕ, ಬೇರೆಬೇರೆ ಎಣ್ಣೆ ತುಂಬಿದ ತಲಾ 2 ಮಿಲಿಲೀಟರಿನ 24 ಕಂದು ಗಾಜಿನ ಶೀಶೆಗಳ ಪೆಟ್ಟಿಗೆ ಮತ್ತು ಮೂಸಿ ನೋಡಲು ಒಂದು ಕಟ್ಟು ಕಾಗದದ ಪಟ್ಟಿಗಳು. ನಾಲ್ಕು ತಿಂಗಳ ನಂತರ ಆನ್‌ಲೈನಿನಲ್ಲಿ 60 ಬಹು ಆಯ್ಕೆಯ ಪ್ರಶ್ನೆಗಳು. ಅದರ ಜೊತೆಗೆ, ಹೆಸರಿಲ್ಲದೆ ಬರೀ ಅಂಕಿ ಅಂಟಿಸಿ ಅಂಚೆಯಲ್ಲಿ ಕಳಿಸಿದ ಐದು ಶೀಶೆಗಳನ್ನು ಮೂಸಿ ಗುರುತಿಸುವ ಪರೀಕ್ಷೆ. ಈ ಪ್ರಮಾಣಪತ್ರ ಹಿಡಿದು ಯಾರಿಗೂ ಚಿಕಿತ್ಸೆ ಕೊಡುವಂತಿಲ್ಲವೆಂದು ಅರ್ಜಿಯಲ್ಲೇ ಮುದ್ರಿಸಿರುವುದು ಮೆಚ್ಚಬೇಕಾದ ಪ್ರಾಮಾಣಿಕತೆ.

ಕೊಟ್ಟ ಹಣಕ್ಕೆ ನಿಜವಾದ ಬೆಲೆ ಸಿಗುವುದು ಆ ಪೆಟ್ಟಿಗೆಯಲ್ಲಿ. ಪುಸ್ತಕದ ಪುಟಗಳನ್ನು ಎರಡು ವಾರದಲ್ಲಿ ಬಾಯಿಪಾಠ ಮಾಡಬಹುದು, ಮೂಗಿಗೆ ಮಾತ್ರ ಅಂಥ ಅಡ್ಡದಾರಿಯಿಲ್ಲ. ನಿಂಬೆಯ ಎಣ್ಣೆಗೂ ಮಜ್ಜಿಗೆಹುಲ್ಲಿನ ಎಣ್ಣೆಗೂ ವ್ಯತ್ಯಾಸ ಹೇಳಲು ಮೊದಲ ವಾರ ನನಗೆ ಆಗಲೇ ಇಲ್ಲ. ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿ ಮುಕ್ಕಾಲು ಪಾಲಿನಷ್ಟು ಇರುವುದು ಸಿಟ್ರಾಲ್ ಎಂಬ ಅಂಶ, ನಿಂಬೆಸಿಪ್ಪೆಯ ಎಣ್ಣೆಯಲ್ಲಿ ಬಹುಪಾಲು ಲಿಮೊನೀನ್ ಎಂದು ಓದಿಕೊಂಡ ಮೇಲೂ ಮೂಗು ಒಪ್ಪಲಿಲ್ಲ. ಪಟ್ಟಿಯ ಮೇಲೆ ಒಂದೊಂದು ಹನಿ ಹಾಕಿ, ಅರ್ಧ ಗಂಟೆ ಬಿಟ್ಟು ಮತ್ತೆ ಮೂಸಿದಾಗ ನಿಂಬೆ ಹೆಚ್ಚುಕಡಿಮೆ ಹಾರಿಹೋಗಿತ್ತು, ಮಜ್ಜಿಗೆಹುಲ್ಲು ಇನ್ನೂ ಘಮಘಮಿಸುತ್ತಿತ್ತು. ಅಂದಿನಿಂದ ಅವೆರಡರಲ್ಲಿ ನಾನು ತಪ್ಪಿಲ್ಲ. ಲ್ಯಾವೆಂಡರಿನ ಜೊತೆಗೆ ಅದರ ಮಿಶ್ರತಳಿಯಾದ ಲ್ಯಾವಂಡಿನ್‌ನ ಶೀಶೆಯನ್ನೂ ಇಟ್ಟಿರುವುದು ಜಾಣ ಆಯ್ಕೆ: ಎರಡನೆಯದರಲ್ಲಿ ಕರ್ಪೂರದ ಛಾಯೆ ಮೂಗಿಗೆ ಚುರುಕಾಗಿ ತಾಗುತ್ತದೆ.

ಶೀಶೆಗಳನ್ನು ತಂಪಾದ ಜಾಗದಲ್ಲಿಡಿ ಎಂಬ ಸೂಚನೆಯನ್ನು ಅಕ್ಷರಶಃ ಪಾಲಿಸಿ ಫ್ರಿಜ್ಜಿನಲ್ಲಿಟ್ಟೆ. ಮೂರನೆಯ ದಿನಕ್ಕೆ ಮೊಸರಿಗೆಲ್ಲ ಪಚ್ಚೆತೆನೆಯ ವಾಸನೆ ಹಿಡಿದು, ಮನೆಯಾಕೆಯ ಆಜ್ಞೆಯ ಮೇರೆಗೆ ಪೆಟ್ಟಿಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ವರ್ಗವಾಯಿತು.

ಪುಸ್ತಕದ ಸುರಕ್ಷತೆಯ ಅಧ್ಯಾಯ ಅತ್ಯುತ್ತಮವಾಗಿದೆ. ಸಿಪ್ಪೆಯನ್ನು ಹಿಂಡಿ ತೆಗೆದ ಬರ್ಗಮಾಟ್ ಎಂಬ ನಿಂಬೆಜಾತಿಯ ಹಣ್ಣಿನ ಎಣ್ಣೆಯಲ್ಲಿರುವ ಬರ್ಗಾಪ್ಟೆನ್ ಎಂಬ ಅಂಶದಿಂದಾಗಿ, ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯಬಹುದೆಂಬುದನ್ನೂ, ಹಿಂಡಿ ತೆಗೆದ ನಿಂಬೆ ಎಣ್ಣೆಗಿರುವ ಈ ದೋಷ ಹಬೆಯಲ್ಲಿ ಬಟ್ಟಿ ಇಳಿಸಿದ್ದಕ್ಕೆ ಏಕಿಲ್ಲವೆಂಬುದನ್ನೂ ಅದು ಸರಳವಾಗಿ ವಿವರಿಸುತ್ತದೆ. ನೆಗಡಿಯಾದ ಕೂಸಿನ ದಿಂಬಿಗೆ ನೀಲಗಿರಿ ಎಣ್ಣೆ ಸವರುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಅದರಲ್ಲಿರುವ ಸಿನಿಯೋಲ್ ಎಂಬ ಅಂಶ ಎಳೆಯ ಮಕ್ಕಳ ಉಸಿರಾಟಕ್ಕೆ ತೊಂದರೆ ಮಾಡಬಹುದು, ನುಂಗಿದರಂತೂ ಅಪಾಯ ಎಂಬುದನ್ನು ಅಜ್ಜನಾದ ಮೇಲೆ ನಾನು ತಿಳಿದುಕೊಂಡೆ.

ಉಳಿದ ಅಧ್ಯಾಯಗಳ ಬಗ್ಗೆ ಇದೇ ಮಾತು ಹೇಳಲಾರೆ. 20 ಹನಿಗೆ 1 ಮಿಲಿಲೀಟರ್ ಎಂದು ಹಿಡಿದು, 30 ಮಿಲಿಲೀಟರ್ ಕೊಬ್ಬರಿ ಎಣ್ಣೆಗೆ ಬೆರೆಸಲು ಶೇಕಡಾ 2ರಂತೆ 12 ಹನಿ ಪರಿಮಳದ ಎಣ್ಣೆ ಎಂಬ ಲೆಕ್ಕವನ್ನು ಎಲ್ಲ ಎಣ್ಣೆಗಳಿಗೂ ಒಂದೇ ಸಮನೆ ಅನ್ವಯಿಸಿದ್ದಾರೆ. ಔಷಧಿ ಅಂಗಡಿಯ ಸಿರಿಂಜಿನಲ್ಲಿ ನಾನೇ ಅಳೆದು ನೋಡಿದಾಗ ಲ್ಯಾವೆಂಡರ್ 1 ಮಿಲಿಲೀಟರಿಗೆ 31 ಹನಿಯಾಯಿತು; ಮಂದವಾದ ಲಾವಂಚದ ಎಣ್ಣೆಯೋ ಶೀಶೆ ಬೋರಲು ಹಾಕಿದರೂ ಇಳಿಯಲು ಮನಸ್ಸು ಮಾಡಲಿಲ್ಲ. ಚರಿತ್ರೆಯ ಪಾಠದಲ್ಲಿ, 1910ರಲ್ಲಿ ಪ್ರಯೋಗಾಲಯದ ಸ್ಫೋಟದಲ್ಲಿ ಸುಟ್ಟ ಕೈಯನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೆನೆ ಮಾರಿಸ್ ಗಟ್‌ಫೊಸೆ ಪಕ್ಕದ ಲ್ಯಾವೆಂಡರ್ ಎಣ್ಣೆಯ ತೊಟ್ಟಿಗೆ ಅದ್ದಿದರೆಂಬ ದಂತಕಥೆ ಹಾಗೇ ಅಚ್ಚಾಗಿದೆ. ಗಾಯ ಕೊಳೆಯತೊಡಗಿದ ಮೇಲೆ ಆ ಎಣ್ಣೆಯಿಂದ ತೊಳೆದೆನೆಂದೇ ಅವರು 1937ರ ತಮ್ಮ ಪುಸ್ತಕದಲ್ಲಿ ಬರೆದಿರುವುದು. ಇದಕ್ಕಿಂತ ಹೆಚ್ಚು ಕಿರಿಕಿರಿಯಾದದ್ದು, ಇಂತಿಂಥ ಎಣ್ಣೆ ಖಿನ್ನತೆಯನ್ನು ಗುಣಪಡಿಸುತ್ತದೆ ಎಂಬಂತಹ ವಾಕ್ಯಗಳು. ಪರಿಮಳದಿಂದ ಮನಸ್ಸಿಗೆ ಹಿತವಾಗುವುದು ಬೇರೆ, ರೋಗ ವಾಸಿಯಾಗುವುದು ಬೇರೆ. ಆದರೆ ಪರೀಕ್ಷೆಯಲ್ಲಿ ಅಂಕ ಬೇಕಾದರೆ ಪುಸ್ತಕದ ಉತ್ತರವನ್ನೇ ಗುರುತು ಮಾಡಬೇಕು. ನಾನೂ ಮಾಡಿದೆ.

ಇನ್ನು ಗಂಧದ ವಿಷಯ. ಪುಸ್ತಕದಲ್ಲಿ ವರ್ಣಿಸಿರುವುದು ನಮ್ಮ ಶ್ರೀಗಂಧ, ಸಾಂಟಾಲಮ್ ಆಲ್ಬಮ್. ಶೀಶೆಯ ಚೀಟಿಯಲ್ಲಿದ್ದದ್ದು ಆಸ್ಟ್ರೇಲಿಯಾದ ಸಾಂಟಾಲಮ್ ಸ್ಪಿಕೇಟಮ್. ಅದರಲ್ಲಿ ಗಂಧದ ಪರಿಮಳಕ್ಕೆ ಮುಖ್ಯವಾದ ಸ್ಯಾಂಟಲಾಲ್ ಎಂಬ ಅಂಶ ಕಡಿಮೆ, ವಾಸನೆ ಒಣಗಿದ ಮರದಂತೆ. ಮಹಾಯುದ್ಧದಿಂದ ಜರ್ಮನಿಗೆ ಗಂಧದ ಮರ ಸಾಗಿಸುವುದು ನಿಂತಾಗ, 1916ರಲ್ಲಿ ಸಂಸ್ಥಾನವೇ ತೆರೆದ ಎಣ್ಣೆ ಕಾರ್ಖಾನೆಯಿರುವ ಮೈಸೂರಿನಲ್ಲಿ ಬೆಳೆದವನಿಗೆ ಇದು ಸಹಿಸುವ ಮಾತಲ್ಲ. ಆ ಶೀಶೆಯನ್ನು ಬದಿಗಿಟ್ಟು, ಸರ್ಕಾರಿ ಮಳಿಗೆಯಿಂದ ಪುಟ್ಟದೊಂದು ಬಾಟಲಿ ಅಸಲಿ ಗಂಧದೆಣ್ಣೆ ತಂದು ಅದರಲ್ಲೇ ಅಭ್ಯಾಸ ಮಾಡಿದೆ.

ಪರೀಕ್ಷೆಯ ಐದು ಶೀಶೆಗಳಲ್ಲಿ ನಾಲ್ಕನ್ನು ಸರಿಯಾಗಿ ಹೇಳಿದೆ. ಐದನೆಯದನ್ನು ದೇವದಾರು ಎಂದು ಬರೆದೆ. ಅದು ಅದೇ ಆಸ್ಟ್ರೇಲಿಯಾದ ಗಂಧವಾಗಿತ್ತು. ಪುಸ್ತಕದ ವರ್ಣನೆಗೂ ಶೀಶೆಗೂ ತಾಳೆಯಿಲ್ಲವೆಂದು ಪತ್ರ ಬರೆದರೆ, ಗಂಧ ಯಾವ ದೇಶದ್ದಾದರೂ ಗಂಧವೇ ಎಂಬ ಒಂದು ಸಾಲಿನ ಉತ್ತರ ಬಂತು, ಅಂಕ ಬರಲಿಲ್ಲ. ಪ್ರಮಾಣಪತ್ರ ಬಂದಿದೆ. ಈ ಪರೀಕ್ಷೆಗೆ ಕೂರುವವರು ಪೆಟ್ಟಿಗೆಯಲ್ಲಿ ಬಂದ ಶೀಶೆಯನ್ನೇ ಮೂಸಿ ಅಭ್ಯಾಸ ಮಾಡುವುದು ಕ್ಷೇಮ. ಮೈಸೂರಿನ ಗಂಧದೆಣ್ಣೆಯನ್ನು ಫಲಿತಾಂಶ ಬಂದ ಮೇಲೆ ಕೊಳ್ಳಬಹುದು.