ಮನೆ ಲ್ಯಾಪ್‌ಟಾಪಿಗೆ ಉಬುಂಟು ಹಾಕಿಸ್ತಿದ್ದೀರಾ? ಮೊದಲು ಬಿಟ್‌ಲಾಕರ್ ಕೀ ಯಾರ ಹತ್ತಿರ ಇದೆ ನೋಡಿ

ವಿಂಡೋಸ್ 11 ಇರುವ ಲ್ಯಾಪ್‌ಟಾಪಿನಲ್ಲಿ ಪಕ್ಕಕ್ಕೆ ಇನ್ನೊಂದು ಓಎಸ್ (ಆಪರೇಟಿಂಗ್ ಸಿಸ್ಟಮ್) ಆದ ಲಿನಕ್ಸನ್ನೂ ಹಾಕಿಸಬೇಕು ಅಂದುಕೊಂಡವರು ಇದನ್ನು ಓದಿ ಮುಂದುವರಿಯಿರಿ. ಲಿನಕ್ಸ್ ಮೇಲೆ ನನ್ನ ದೂರಿಲ್ಲ. ಉಬುಂಟು (ಲಿನಕ್ಸಿನ ಒಂದು ಬಗೆ) ನಮ್ಮನೆಯಲ್ಲಿ ಈಗಲೂ ಚೆನ್ನಾಗಿ ಓಡ್ತಿದೆ. ಹೋಗಿದ್ದು ವಿಂಡೋಸ್ ಕಡೆಯಲ್ಲಿದ್ದ ನಮ್ಮ ಫೈಲುಗಳು, ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್‌ನಿಂದಾಗಿ.

ಮಗಳ ಇಂಜಿನಿಯರಿಂಗ್ ಲ್ಯಾಬಿಗೆ ಉಬುಂಟು ಬೇಕಿತ್ತು. ಮನೆಗೆಲ್ಲ ಇರುವುದು ಒಂದೇ ಲ್ಯಾಪ್‌ಟಾಪ್. ಹೆಂಡತಿ ನುಡಿಯಲ್ಲಿ ಟೈಪ್ ಮಾಡಿಟ್ಟ ಶಾಲೆಯ ಪ್ರಶ್ನೆಪತ್ರಿಕೆಗಳು, ತೋಟದ ಪಹಣಿ, ಪೋಡಿ ನಕ್ಷೆಯ ಸ್ಕ್ಯಾನುಗಳು, ಫೋಟೋಗಳು, ಎಲ್ಲ ಅದರಲ್ಲೇ. ಕೊಂಡ ಅಂಗಡಿಗೇ ಫೋನ್ ಮಾಡಿದೆವು, ಒಬ್ಬ ಹುಡುಗನನ್ನು ಕಳಿಸಿದರು. ಫೈಲುಗಳನ್ನು ಮೊದಲು ಬೇರೆ ಕಡೆ ಕಾಪಿ ಮಾಡ್ಕೊಳ್ಳಬೇಕಾ ಅಂತ ಕೇಳಿದ್ದಕ್ಕೆ, "ಸಿ ಡ್ರೈವ್ ಮುಟ್ಟೋದೇ ಇಲ್ಲ ಸರ್, ಬೇರೆ ಪಾರ್ಟಿಷನ್ನಿಗೆ ಹಾಕೋದು" ಅಂದ. ಒಂದು ಲೆಕ್ಕಕ್ಕೆ ಅವನು ಹೇಳಿದ್ದು ನಿಜ. ಫೈಲುಗಳು ಇವತ್ತಿಗೂ ಆ ಡಿಸ್ಕಿನಲ್ಲೇ ಇವೆ, ತೆಗೆಯೋಕೆ ಮಾತ್ರ ಆಗಲ್ಲ.

ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಸಿ ಡ್ರೈವನ್ನು ಶ್ರಿಂಕ್ ಮಾಡಿ ಜಾಗ ಬಿಡಿಸಿದ. ಅವನ ಪೆನ್‌ಡ್ರೈವಿನಲ್ಲಿ ಏನೇನೋ ಓಎಸ್‌ಗಳಿದ್ದವು, ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ಓಎಸ್ ಮಾತ್ರ ಶುರುವಾಗಲು ಬಿಡುವ ರಕ್ಷಣೆ) ಆನ್ ಇದ್ದರೆ ಅದು ಬೂಟ್ ಆಗ್ತಿರಲಿಲ್ಲ. ಬಯೋಸ್‌ಗೆ (ಓಎಸ್‌ಗಿಂತ ಮೊದಲು ಬರುವ ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್) ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿದ. ಉಬುಂಟು ಕೂತಿತು. ರೀಸ್ಟಾರ್ಟ್ ಮಾಡಿ ಮೆನುವಿನಲ್ಲಿ ವಿಂಡೋಸ್ ಒತ್ತಿದಾಗ ಬಂದದ್ದು ನೀಲಿ ಪರದೆ: ಬಿಟ್‌ಲಾಕರ್ ರಿಕವರಿ ಕೀ ಹಾಕಿ ಅಂತ. ಆರಾರು ಅಂಕಿಯ ಎಂಟು ಗುಂಪು, ಒಟ್ಟು 48 ಅಂಕಿ.

ನಾವು ಯಾರೂ ಬಿಟ್‌ಲಾಕರ್ ಹಾಕಿರಲಿಲ್ಲ. ಹಾಕಲೇಬೇಕಿಲ್ಲ ಅನ್ನೋದು ಆಮೇಲೆ ತಿಳಿಯಿತು. ಈಗಿನ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಮೊದಲ ಸಲ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬೀಳುತ್ತದೆ, ಹೋಮ್ ಆವೃತ್ತಿಯಲ್ಲೂ. ದಿನಾ ಬಳಸುವ ಕೀ ಮದರ್‌ಬೋರ್ಡಿನ ಟಿಪಿಎಂ ಎಂಬ ಭದ್ರತಾ ಭಾಗದ ರಕ್ಷಣೆಯಲ್ಲಿ ಇರುತ್ತದೆ. ಬೂಟ್ ಆಗುವ ದಾರಿ ಹಿಂದಿನಂತೆಯೇ ಇದ್ದರೆ ಟಿಪಿಎಂ ಸದ್ದಿಲ್ಲದೆ ಬೀಗ ತೆಗೆಯುತ್ತದೆ. ಸೆಕ್ಯೂರ್ ಬೂಟ್ ಆಫ್ ಆಯಿತೋ, ತೆಗೆಯಲ್ಲ. ಕೆಲವು ಸಲ ಗ್ರಬ್ ಮೆನುವಿನಿಂದ (ಯಾವ ಓಎಸ್ ಬೇಕು ಅಂತ ಕೇಳುವ ಲಿನಕ್ಸಿನ ಮೆನು) ವಿಂಡೋಸಿಗೆ ಹೋದರೂ ತೆಗೆಯಲ್ಲ. ಆಗ ಬೇಕಾಗುವುದು ಆ 48 ಅಂಕಿಯ ಕೀ. ಅದು ಹೋಗಿ ಕೂತಿರುವುದು ಮೊದಲು ಲಾಗಿನ್ ಆದ ಮೈಕ್ರೋಸಾಫ್ಟ್ ಖಾತೆಯಲ್ಲಿ.

ಆ ಖಾತೆ ನಮ್ಮದಲ್ಲ! ನಮಗೆ ಲ್ಯಾಪ್‌ಟಾಪ್ ಕೊಡುವಾಗ ಅಂಗಡಿಯವರೇ ಬಾಕ್ಸ್ ಒಡೆದು, ಎಲ್ಲ ರೆಡಿ ಮಾಡಿ, ಒಂದು ಪಿನ್ ಹೇಳಿ ಕೈಗಿಟ್ಟಿದ್ದರು. ಅವತ್ತಿನಿಂದ ಆ ಪಿನ್ ಒತ್ತಿಯೇ ಕೆಲಸ. ನೀಲಿ ಪರದೆಯ ಮೇಲೆ ಕೀ ಯಾವ ಖಾತೆಯಲ್ಲಿದೆ ಅನ್ನೋ ಸುಳಿವಿತ್ತು, ಒಂದೆರಡು ಅಕ್ಷರ, ಉಳಿದದ್ದೆಲ್ಲ ನಕ್ಷತ್ರ. ನಮ್ಮ ಮನೆಯ ಯಾರ ಮೇಲ್ ಐಡಿಗೂ ಅದು ಹೊಂದಲಿಲ್ಲ. ಅಂಗಡಿಗೆ ಕೇಳಿದರೆ, ಆಗ ಸೆಟಪ್ ಮಾಡುತ್ತಿದ್ದ ಹುಡುಗ ಬಿಟ್ಟು ಹೋಗಿದ್ದಾನೆ, ಗಿರಾಕಿಗಳಿಗೆ ಸುಮ್ಮನೆ ಯಾವುದೋ ಐಡಿ ಮಾಡಿ ಹಾಕ್ತಿದ್ದ ಅಂದರು. ಇದನ್ನು ಏನೂ ಆಗದವರ ಹಾಗೆ ಹೇಳಿದರು ಅನ್ನೋದು ನನಗೆ ಇನ್ನೂ ಅರಗಿಲ್ಲ.

ಇಷ್ಟಾದರೂ ದಾರಿ ಇತ್ತು. ಸೆಕ್ಯೂರ್ ಬೂಟನ್ನು ಮತ್ತೆ ಆನ್ ಮಾಡಿ, ಗ್ರಬ್ ಬಿಟ್ಟು ಬಯೋಸಿನಿಂದ ನೇರ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿದ್ದರೆ ಟಿಪಿಎಂ ಬೀಗ ತೆಗೆಯುವ ಸಾಧ್ಯತೆ ಚೆನ್ನಾಗಿಯೇ ಇತ್ತು. ಬಂದಿದ್ದ ಹುಡುಗ ಮಾಡಿದ್ದು ಬೇರೆ. ಬಯೋಸನ್ನೆಲ್ಲ ಡಿಫಾಲ್ಟಿಗೆ ತಂದ, ಅಲ್ಲೇ ಕಂಡ 'ಕ್ಲಿಯರ್ ಟಿಪಿಎಂ' ಒತ್ತಿದ, ಬಂದ ಎಚ್ಚರಿಕೆಗೆ 'ಎಸ್' ಅಂದ. ಅಲ್ಲಿಗೆ ಟಿಪಿಎಂ ದಾರಿಯೂ ಮುಚ್ಚಿತು. ಉಳಿದದ್ದು ಯಾರದೋ ಖಾತೆಯಲ್ಲಿರುವ ಕೀ ಮಾತ್ರ. ಆ ಕೀ ಇಲ್ಲದೆ ಮೈಕ್ರೋಸಾಫ್ಟ್‌ನವರೂ ತೆಗೆದುಕೊಡಲಾರರು, ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ ಅಷ್ಟೇ. ಡೇಟಾ ರಿಕವರಿ ಅಂತ ಮುಂಗಡ ಕೇಳುವವರಿಗೆ ಇದೊಂದು ವಿಷಯ ಮೊದಲೇ ಹೇಳಿ, ಆಮೇಲೆ ಅವರು ಏನಂತಾರೆ ನೋಡಿ.

ಈಗ ನಿಮ್ಮ ಲ್ಯಾಪ್‌ಟಾಪ್ ತೆಗೆದು ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ ಒಳಗೆ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ ನೋಡಿ. ಪ್ರೊ ಆವೃತ್ತಿಯಾದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಿಟ್‌ಲಾಕರ್ ಅಂತ ಹುಡುಕಿ. ಆನ್ ಇದ್ದರೆ ಅಲ್ಲಿಂದಲೇ ರಿಕವರಿ ಕೀ ಬ್ಯಾಕಪ್ ಮಾಡಿ ಪ್ರಿಂಟ್ ತೆಗೆದುಕೊಳ್ಳಿ. ಅದೇ ಡಿಸ್ಕಿನಲ್ಲಿ ಫೈಲಾಗಿ ಇಟ್ಟರೆ ಪ್ರಯೋಜನ ಇಲ್ಲ. ಎರಡನೇ ಓಎಸ್ ಹಾಕುವುದೇ ನಿಜವಾದರೆ ಎನ್‌ಕ್ರಿಪ್ಷನ್ ಆಫ್ ಮಾಡಿ, ಪೂರ್ತಿ ಡಿಕ್ರಿಪ್ಟ್ ಆಗುವವರೆಗೆ ಕಾಯಿರಿ. ಕೆಲವು ಗಂಟೆ ಹಿಡಿಯಬಹುದು, ಚಾರ್ಜರ್ ಹಾಕಿಟ್ಟುಕೊಳ್ಳಿ. ಫೈಲುಗಳ ಕಾಪಿ ಹೊರಗಿನ ಹಾರ್ಡ್‌ಡಿಸ್ಕಿಗೆ, ಯಾರು ಬೇಡ ಅಂದರೂ.

ಇನ್ನೊಂದು, ಉಬುಂಟು ಮತ್ತು ಇನ್ನೊಂದು ಬಗೆಯ ಲಿನಕ್ಸ್ ಆದ ಫೆಡೋರಾಗೆ ಸೆಕ್ಯೂರ್ ಬೂಟ್ ಆಫ್ ಮಾಡುವ ಅಗತ್ಯ ಸಾಮಾನ್ಯವಾಗಿ ಇಲ್ಲ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಒಂದು ಡ್ಯುಯಲ್ ಬೂಟ್ (ಒಂದೇ ಯಂತ್ರದಲ್ಲಿ ಎರಡು ಓಎಸ್) ಮಾಡಿದ್ದ ಎಷ್ಟೋ ಕಂಪ್ಯೂಟರುಗಳಲ್ಲಿ ಲಿನಕ್ಸ್ ಏಳದಂತೆ ಮಾಡಿತ್ತು. ಆಗ 'ಸೆಕ್ಯೂರ್ ಬೂಟ್ ಆಫ್ ಮಾಡಿ' ಅನ್ನೋದೇ ಎಲ್ಲರ ಪರಿಹಾರ, ಬಿಟ್‌ಲಾಕರ್ ವಿಷಯ ಎತ್ತಿದವರು ಕಡಿಮೆ. ಹಾಗೆ ಹೇಳುವ ವಿಡಿಯೋ ಸಿಕ್ಕರೆ ಕೀ ಕೈಯಲ್ಲಿಲ್ಲದೆ ಅನುಸರಿಸಬೇಡಿ. (ಲಿನಕ್ಸಿಗೆ ಹೋಗಿ ಬಂದಮೇಲೆ ವಿಂಡೋಸಿನ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸಿದರೆ ಹೆದರಬೇಡಿ. ಲಿನಕ್ಸ್ ಯುಟಿಸಿ (ಗ್ರೀನಿಚ್ ಸಮಯ) ಲೆಕ್ಕ ಹಿಡಿಯುತ್ತದೆ, ವಿಂಡೋಸ್ ನಮ್ಮ ಸಮಯ, ಅಷ್ಟೇ.)

ಈಗಾಗಲೇ ನೀಲಿ ಪರದೆಯ ಮುಂದೆ ಕೂತಿದ್ದರೆ ಯಾರಿಗೂ ಫಾರ್ಮ್ಯಾಟ್ ಮಾಡಲು ಬಿಡಬೇಡಿ, ಟಿಪಿಎಂ ಮುಟ್ಟಿಸಬೇಡಿ. ಬಯೋಸಿನಲ್ಲಿ ಏನೇನು ಬದಲಾಯಿಸಿದರೋ ಅದನ್ನೆಲ್ಲ ಮೊದಲಿದ್ದ ಹಾಗೆ ಮಾಡಿ ಒಮ್ಮೆ ವಿಂಡೋಸ್ ಬೂಟ್ ಮ್ಯಾನೇಜರಿನಿಂದ ನೋಡಿ. ಆಗಲಿಲ್ಲವಾದರೆ ಪರದೆಯ ಮೇಲಿನ ಕೀ ಐಡಿಯ ಫೋಟೋ ತೆಗೆದು, ಮನೆಯಲ್ಲಿ ಯಾರ್‍ಯಾರ ಹೆಸರಲ್ಲಿ ಮೈಕ್ರೋಸಾಫ್ಟ್ ಖಾತೆ ಇದೆಯೋ ಎಲ್ಲದಕ್ಕೂ ಮೊಬೈಲಿನಲ್ಲಿ ಲಾಗಿನ್ ಆಗಿ ಅದೇ ಐಡಿಯ ಕೀ ಇದೆಯಾ ಹುಡುಕಿ. ಮಕ್ಕಳ ಕಾಲೇಜು ಕೊಟ್ಟ ಖಾತೆ, ನಿಮ್ಮ ಆಫೀಸಿನ ಖಾತೆಯಿಂದ ಎಂದಾದರೂ ಆ ಲ್ಯಾಪ್‌ಟಾಪಿನಲ್ಲಿ ಲಾಗಿನ್ ಆಗಿದ್ದರೆ ಅಲ್ಲೂ ನೋಡಿ.