ಒತ್ತು ಶಾವಿಗೆಗೆ ಮೂರು ಕಾಲಿನ ಒರಳೇ ಸರಿ

ಶಾವಿಗೆ ಒರಳು ಯಾವುದು ತಗೊಳ್ಳಲಿ ಅಂತ ಯಾರು ಕೇಳಿದರೂ ನಾನು ಹೇಳುವುದು ಒಂದೇ. ಮೂರು ಕಾಲಿನ, ಮೇಲೆ ತಿರುಪು ಇರುವ ಸ್ಟೀಲ್ ಒರಳು ತಗೊಳ್ಳಿ. ಕೈಯಲ್ಲಿ ಹಿಡಿದು ತಿರುಗಿಸುವ ಹಿತ್ತಾಳೆ ಒರಳನ್ನು ವರ್ಷಗಟ್ಟಲೆ ಬಳಸಿದ್ದೇನೆ, ತೀರ್ಥಹಳ್ಳಿ ಕಡೆಯ ತವರಿನಲ್ಲಿ ಮರದ ಒರಳಿನಲ್ಲಿ ಒತ್ತಿದ್ದೇನೆ. ಈಗ ಬೆಂಗಳೂರಿನ ಫ್ಲ್ಯಾಟಿನಲ್ಲಿ ಮೂರು ಕಾಲಿನದ್ದು ಬಂದ ಮೇಲೆ ಮನೆಯಲ್ಲಿ ಶಾವಿಗೆ ಮಾಡುವುದೇ ಜಾಸ್ತಿಯಾಗಿದೆ.

ನಾನು ಹೇಳುತ್ತಿರುವುದು ಅಕ್ಕಿಯ ಒತ್ತು ಶಾವಿಗೆ. ಉತ್ತರ ಕರ್ನಾಟಕದಲ್ಲಿ ಗೋಧಿಯದ್ದನ್ನು ಹೊಸೆದು, ಒಣಗಿಸಿ, ಡಬ್ಬಿ ತುಂಬಿಡುತ್ತಾರಲ್ಲ, ಅದು ಬೇರೆ. ಇದು ಒತ್ತಿದ ದಿನವೇ ತಿನ್ನುವಂಥದ್ದು. ಅಕ್ಕಿ ನೆನೆಸಿ, ನುಣ್ಣಗೆ ರುಬ್ಬಿ, ಬಾಣಲೆಯಲ್ಲಿ ಚೂರು ಕೊಬ್ಬರಿ ಎಣ್ಣೆ ಬಿಟ್ಟು ಗಟ್ಟಿಯಾಗುವ ತನಕ ಮಗುಚಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ, ಸುಡುಸುಡು ಇರುವಾಗಲೇ ಒರಳಿಗೆ ಹಾಕಬೇಕು. ಆರಿತು ಅಂದರೆ ಮುಗಿಯಿತು. ಬೆಂದ ಅಕ್ಕಿಹಿಟ್ಟು ತಣ್ಣಗಾಗುತ್ತಾ ಬಿಗಿಯುತ್ತದೆ, ಆಮೇಲೆ ಎಷ್ಟು ಒತ್ತಿದರೂ ಎಳೆ ತುಂಡು ತುಂಡಾಗಿ ಬೀಳುತ್ತದೆ. ಅದಕ್ಕೇ ಒರಳು ಎಷ್ಟು ಬೇಗ, ಎಷ್ಟು ಸಲೀಸಾಗಿ ಕೆಲಸ ಮಾಡುತ್ತದೆ ಅನ್ನುವುದರ ಮೇಲೇ ಎಲ್ಲ ನಿಂತಿದೆ.

ಕೈ ಒರಳಿನ ತೊಂದರೆ ಇಲ್ಲೇ ಶುರುವಾಗುವುದು. ಚಕ್ಕುಲಿಗೆ ಅದು ಚೆನ್ನ. ಚಕ್ಕುಲಿ ಹಿಟ್ಟು ಹಸಿ, ಮೆತ್ತಗೆ, ತಣ್ಣಗೆ. ಶಾವಿಗೆ ಉಂಡೆ ಬೆಂದದ್ದು, ಗಟ್ಟಿ, ಬಿಸಿ. ಬಲಗೈಯಲ್ಲಿ ಮೇಲಿನ ಹಿಡಿ ತಿರುಗಿಸಿದರೆ ಕೆಳಗಿನ ಕೊಳವೆಯೂ ಅದರ ಜೊತೆಗೇ ತಿರುಗಲು ನೋಡುತ್ತದೆ. ಅದನ್ನು ತಡೆಯಬೇಕಾದದ್ದು ಎಡಗೈ. ಆ ಎಡಗೈ ಹಿಡಿದಿರುವುದೋ ಒಳಗೆ ಬಿಸಿ ಉಂಡೆ ತುಂಬಿದ ಹಿತ್ತಾಳೆಯನ್ನು. ಹಿತ್ತಾಳೆಗೆ ಬಿಸಿ ಏರಲು ಎಷ್ಟು ಹೊತ್ತು ಬೇಕು ಹೇಳಿ! ಬಟ್ಟೆ ಸುತ್ತಿದರೆ ಜಾರುತ್ತದೆ. ಬಟ್ಟೆ ಒದ್ದೆ ಮಾಡಿದರೆ ಹಿಡಿತ ಬರುತ್ತದೆ, ಆದರೆ ಒದ್ದೆ ಬಟ್ಟೆಯಲ್ಲಿ ಬಿಸಿ ಇನ್ನೂ ಬೇಗ ಕೈಗೆ ಮುಟ್ಟುತ್ತದೆ. ಸ್ವಲ್ಪ ಆರಲಿ ಅಂತ ಕಾದರೆ ಉಂಡೆ ಬಿಗಿಯುತ್ತದೆ, ಬಿಗಿದರೆ ಇನ್ನೂ ಜೋರಾಗಿ ತಿರುಗಿಸಬೇಕು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನನ್ನ ಕೈ ಒರಳಿನಲ್ಲಿ ಒತ್ತುವ ಬಿಲ್ಲೆಗೂ ಕೊಳವೆಗೂ ನಡುವೆ ಕೂದಲೆಳೆಗಿಂತ ಸ್ವಲ್ಪ ಜಾಸ್ತಿ ಸಂದು ಇದೆ. ಚಕ್ಕುಲಿ ಮಾಡುವಾಗ ಅದು ಗೊತ್ತೇ ಆಗುವುದಿಲ್ಲ. ಶಾವಿಗೆಗೆ ತಳದಲ್ಲಿ ಹಾಕುವ ತೂತುಬಿಲ್ಲೆಯ ತೂತು ಸಣ್ಣ, ಹಿಟ್ಟು ಕೆಳಗೆ ಇಳಿಯುವುದು ಕಷ್ಟ. ಹಾಗಾಗಿ ಸುಲಭದ ದಾರಿ ಹುಡುಕಿಕೊಂಡು ಸಂದಿನಲ್ಲಿ ಮೇಲಕ್ಕೆ ನುಗ್ಗುತ್ತದೆ. ಅರ್ಧ ಒತ್ತುವಷ್ಟರಲ್ಲಿ ಒತ್ತುವ ಬಿಲ್ಲೆಯ ಮೇಲೆ ಒಂದು ಪದರ ಹಿಟ್ಟು ಕೂತಿರುತ್ತದೆ, ಅದು ತಿರುಪಿನ ಹಲ್ಲಿಗೆ ಮೆತ್ತಿಕೊಂಡು ಅಲ್ಲೇ ಒಣಗುತ್ತದೆ. ಆಮೇಲೆ ಹಿಡಿ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬಿಚ್ಚಿ, ಕೆರೆದು, ಒರೆಸಿ ಮತ್ತೆ ಹಾಕುವಷ್ಟರಲ್ಲಿ ಹಬೆಪಾತ್ರೆಯಲ್ಲಿರುವ ಉಳಿದ ಉಂಡೆಗಳು ಬೆವೆತು ಮೇಲೆಲ್ಲ ಅಂಟಂಟಾಗಿರುತ್ತವೆ. ಊಟಕ್ಕೆ ಕೂತವರು ಕೂತೇ ಇರುತ್ತಾರೆ. ಉಂಡೆಗೆ ಎಣ್ಣೆ ಸವರಿ ನೋಡಿದೆ, ಒತ್ತುವ ಬಿಲ್ಲೆಯ ಕೆಳಗೆ ಬಾಳೆಲೆಯ ದುಂಡನೆ ತುಂಡು ಇಟ್ಟು ನೋಡಿದೆ. ಬಾಳೆಲೆ ಸ್ವಲ್ಪ ಕೆಲಸ ಮಾಡುತ್ತದೆ, ಆದರೆ ಪ್ರತಿ ಉಂಡೆಗೂ ಹೊಸ ತುಂಡು ಕತ್ತರಿಸುತ್ತಾ ಕೂರುವುದು ಯಾರಿಂದಾದೀತು?

ಮರದ ಒರಳಿನ ವಿಷಯಕ್ಕೆ ಬಂದರೆ, ರುಚಿ ನೆನಪಿನಲ್ಲಿ ಅದೇ ಗೆಲ್ಲುತ್ತದೆ, ಸುಳ್ಳು ಹೇಳುವುದಿಲ್ಲ. ಉದ್ದನೆಯ ಸನ್ನೆಮರ, ಅದರ ತುದಿಗೆ ಭಾರ ಬಿಟ್ಟರೆ ಸಾಕು, ಎಳೆಗಳು ಸರಸರ ಇಳಿಯುತ್ತವೆ. ತಿರುಪು ಇಲ್ಲ, ಸಿಕ್ಕಿಕೊಳ್ಳುವ ಮಾತೇ ಇಲ್ಲ. ಆದರೆ ಒಬ್ಬರು ಒತ್ತಬೇಕು, ಇನ್ನೊಬ್ಬರು ಕೆಳಗೆ ಬಾಳೆಲೆ ಹಿಡಿದು ಎಳೆಗಳನ್ನು ಸುತ್ತಿಕೊಳ್ಳಬೇಕು. ಮನೆತುಂಬ ಜನ ಇದ್ದಾಗ ಅದೊಂದು ಸಂಭ್ರಮ. ನಮ್ಮ ಫ್ಲ್ಯಾಟಿನಲ್ಲಿ ಅದನ್ನು ಇಡಲು ಜಾಗವೂ ಇಲ್ಲ, ಒತ್ತಲು ಎರಡನೆಯ ಜನವೂ ಇಲ್ಲ.

ಮೂರು ಕಾಲಿನದ್ದರಲ್ಲಿ ತಿರುಪು ಇದೆ ನಿಜ, ಆದರೆ ಕೊಳವೆ ಕಾಲುಗಳಿಗೆ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಹಿಡಿಯುವ ಕೆಲಸವೇ ನಮಗಿಲ್ಲ. ಮೇಲಿನ ಅಡ್ಡಹಿಡಿಯನ್ನು ಎರಡೂ ಕೈಯಲ್ಲಿ ತಿರುಗಿಸಬಹುದು, ಉದ್ದ ಇರುವುದರಿಂದ ಬಲವೂ ಕಡಿಮೆ ಸಾಕು. ಮೂರೇ ಕಾಲು ಆದದ್ದರಿಂದ ನೆಲ ಏರುತಗ್ಗಾಗಿದ್ದರೂ ಅಲುಗುವುದಿಲ್ಲ. ಟೈಲ್ಸ್ ಮೇಲೆ ಮಾತ್ರ ಇಡೀ ಒರಳೇ ಗಿರ್ರನೆ ತಿರುಗುತ್ತದೆ, ಅದಕ್ಕೆ ಕೆಳಗೆ ಒದ್ದೆ ಗೋಣಿ ಹಾಸಿ, ಒಂದು ಕಾಲನ್ನು ಪಾದದಲ್ಲಿ ಒತ್ತಿಕೊಂಡರೆ ಆಯಿತು. ಕಾಲುಗಳ ನಡುವೆ ತಟ್ಟೆ ಇಟ್ಟು, ಬಲಗೈ ತಿರುಗಿಸುತ್ತಾ ಎಡಗೈಯಲ್ಲಿ ತಟ್ಟೆ ಸರಿಸುತ್ತಾ ಹೋದರೆ ಒಬ್ಬರೇ ಮುಗಿಸಬಹುದು.

ಕಟ್ಟೆಯ ಮೇಲಿಟ್ಟರೆ ಹಿಡಿ ಎದೆಗಿಂತ ಮೇಲೆ ಬರುತ್ತದೆ, ಒತ್ತಲಾಗುವುದಿಲ್ಲ. ನೆಲದಲ್ಲಿ ಮಣೆ ಹಾಕಿ ಕೂರಲೇಬೇಕು. ಮಂಡಿನೋವು ಇರುವವರು ಗಟ್ಟಿಯಾದ ಗಿಡ್ಡ ಸ್ಟೂಲಿನ ಮೇಲೆ ಒರಳಿಟ್ಟು, ತಾವು ಕುರ್ಚಿಯಲ್ಲಿ ಕೂತು ಮಾಡಬಹುದು. ನಮ್ಮತ್ತೆ ಹಾಗೇ ಮಾಡುತ್ತಾರೆ.

ತೊಳೆಯುವುದು ಮೂರೂ ಒಂದೇ. ಒತ್ತಿ ಮುಗಿದ ಕೂಡಲೇ ತೂತುಬಿಲ್ಲೆಯನ್ನು ತಣ್ಣೀರಿಗೆ ಹಾಕಿ, ಪೊರಕೆ ಕಡ್ಡಿಯಲ್ಲಿ ತೂತು ಚುಚ್ಚಿ.

ಬ್ಯಾಟರಿಯಲ್ಲಿ ಒತ್ತುವ ಪಿಸ್ತೂಲಿನಂಥದ್ದು ಪಕ್ಕದ ಮನೆಯಲ್ಲಿದೆ. ಬಿಸಿನೀರಿನಲ್ಲಿ ಕಲಸಿದ ಮೆತ್ತನೆ ಇಡಿಯಪ್ಪದ ಹಿಟ್ಟಿಗೆ ಸರಿ, ನಮ್ಮ ಬೆಂದ ಉಂಡೆ ಹಾಕಿದರೆ ಮೋಟಾರು ನಿಂತೇ ಹೋಗುತ್ತದೆ.

ದುಡ್ಡಿನ ಮಾತು. ಮೂರು ಕಾಲಿನದ್ದಕ್ಕೆ ನಾನು ಕೊಟ್ಟದ್ದು ₹2,600, ಕೈ ಒರಳಿಗೆ ಅದರ ಅರ್ಧವೂ ಆಗಿರಲಿಲ್ಲ. ವರ್ಷಕ್ಕೊಮ್ಮೆ ಹಬ್ಬಕ್ಕೆ ಮಾತ್ರ ಮಾಡುವವರಿಗೆ ಇಷ್ಟು ಕೊಡುವುದು ಜಾಸ್ತಿಯೇ. ನಮ್ಮಲ್ಲಿ ಮಾವಿನ ಹಣ್ಣಿನ ಕಾಲ ಬಂತೆಂದರೆ ರಸಾಯನದ ಜೊತೆ ಶಾವಿಗೆ ಆಗಲೇಬೇಕು, ಉಳಿದ ದಿನಗಳಲ್ಲಿ ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲು, ಮಿಕ್ಕಿದ್ದಕ್ಕೆ ಸಂಜೆ ನಿಂಬೆಹುಳಿ ಒಗ್ಗರಣೆ. ಮಕ್ಕಳಿಗೆ ಕೋಳಿ ಸಾರಿನ ಜೊತೆಗೂ ಇಷ್ಟ. ಇಷ್ಟು ಬಳಸುವ ಮನೆಗೆ ಆ ದುಡ್ಡು ಯಾವಾಗಲೋ ಹುಟ್ಟಿತು. ವಿದೇಶಕ್ಕೆ ಹೊರಟವರು ಮಾತ್ರ ಕೈ ಒರಳೇ ಒಯ್ಯಿರಿ, ಇದು ಸೂಟ್‌ಕೇಸಿಗೆ ಹಿಡಿಯುವುದಿಲ್ಲ, ಭಾರವೂ ಬಹಳ.

ಅಂಗಡಿಯಲ್ಲಿ ತಗೊಳ್ಳುವಾಗ ಹೊಳಪು ನೋಡಬೇಡಿ. ಒತ್ತುವ ಬಿಲ್ಲೆಯನ್ನು ಕೊಳವೆಯೊಳಗೆ ಇಳಿಸಿ ಅತ್ತಿತ್ತ ಅಲುಗಿಸಿ ನೋಡಿ. ಲೊಡಲೊಡ ಅಂದರೆ ಆ ಒರಳು ಬೇಡ, ಪಕ್ಕದ್ದು ತೋರಿಸಿ ಅನ್ನಿ. ಕಾಲುಗಳಿಗೆ ಬೆಸುಗೆ ಹಾಕಿದ ಜಾಗವನ್ನೂ ಬೆರಳಾಡಿಸಿ ನೋಡಿ, ಒತ್ತುವಾಗ ಪೂರ್ತಿ ಬಲ ಬೀಳುವುದು ಅಲ್ಲಿಗೇ.